ಮೋಟರ್ ಬಿಚ್ಚುವ ಮುಂಚೆ ‘ಟುಸ್’ ಕೇಳಿ

ಪ್ರಶ್ನೆ: ಮನೆ ಹಿಂದಿನ ಶೆಡ್ಡಿನಲ್ಲಿ ಬಾಗಿಲು, ಕಿಟಕಿಗೆ ಸ್ಪ್ರೇ ಪಾಲಿಶ್ ಮಾಡುತ್ತೇನೆ. 2 ಎಚ್‌ಪಿ ಕಂಪ್ರೆಸರ್, ಸಿಂಗಲ್ ಫೇಸ್. ಟ್ಯಾಂಕ್ ಖಾಲಿ ಇದ್ದಾಗ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ತುಂಬಿ ತಾನೇ ಆಫ್ ಆಗುತ್ತದೆ. ಗಾಳಿ ಇಳಿದು ಮತ್ತೆ ಆನ್ ಆಗಬೇಕಾದಾಗ ಬರೀ ‘ಗುಂಯ್’ ಅಂದು ಟ್ರಿಪ್ ಆಗುತ್ತದೆ. ರಿಪೇರಿಯವರು ಮೋಟರ್ ರಿವೈಂಡ್ ಮಾಡಿಸಿ ಅನ್ನುತ್ತಾರೆ. ಮಾಡಿಸಲಾ ಸರ್?
– ಒಬ್ಬ ಓದುಗ, ನಿಟುವಳ್ಳಿ, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ಖಾಲಿ ಟ್ಯಾಂಕಿಗೆ ಸಲೀಸಾಗಿ ತಿರುಗುವ ಮೋಟರಿನ ವೈಂಡಿಂಗ್ ಸುಟ್ಟಿರುವುದು ಕಡಿಮೆ. ಪಾಪ, ಅದಕ್ಕೆ ಭಾರ ಜಾಸ್ತಿ ಆಗುತ್ತಿದೆ ಅಷ್ಟೆ.

ಕಂಪ್ರೆಸರ್ ತುಂಬಿ ಆಫ್ ಆಗುವಾಗ ಪಕ್ಕದಲ್ಲೇ ನಿಂತು ಕಿವಿ ಕೊಡಿ. ಮೋಟರನ್ನು ತಾನೇ ಆನ್-ಆಫ್ ಮಾಡುವ ಪ್ರೆಶರ್ ಸ್ವಿಚ್ ಕೆಳಗಿನ ಪುಟ್ಟ ವಾಲ್ವಿನಿಂದ ಒಂದೆರಡು ಸೆಕೆಂಡ್ ‘ಟುಸ್’ ಅಂತ ಸದ್ದು ಬರಬೇಕು. ಬೆಣ್ಣೆ ದೋಸೆಯ ಕಾವಲಿಗೆ ನೀರು ಚಿಮುಕಿಸಿದಾಗ ಬರುತ್ತದಲ್ಲ, ಹೆಚ್ಚೂಕಡಿಮೆ ಹಾಗೇ. ಅದು ಅನ್‌ಲೋಡರ್ ವಾಲ್ವ್, ಪಂಪಿನ ಹೆಡ್‌ನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಟ್ಟು ಮುಂದಿನ ಸ್ಟಾರ್ಟ್ ಹಗುರ ಮಾಡುತ್ತದೆ. ಸದ್ದೇ ಬರಲಿಲ್ಲ ಅಂದರೆ ಅದರ ಪಿನ್ ಅಥವಾ ಸಣ್ಣ ಪೈಪು ಕಟ್ಟಿಕೊಂಡಿದೆ.

ಸದ್ದು ನಿಲ್ಲದೆ ಸುಮ್ನೆ ಸೋರುತ್ತಲೇ ಇದೆಯಾ? ಆಗ ಕಳ್ಳ ಬೇರೆ. ಟ್ಯಾಂಕಿನ ಬಾಯಲ್ಲಿದ್ದು ಗಾಳಿಯನ್ನು ಒಳಗೆ ಮಾತ್ರ ಬಿಡಬೇಕಾದ ಚೆಕ್ ವಾಲ್ವ್, ನಮ್ಮ ಕಡೆ ಎನ್‌ಆರ್‌ವಿ ಅನ್ನುತ್ತಾರೆ, ಸರಿಯಾಗಿ ಕೂರದೆ ಟ್ಯಾಂಕಿನ ಗಾಳಿಯನ್ನೇ ವಾಪಸ್ ಹೆಡ್‌ಗೆ ಬಿಡುತ್ತಿದೆ. ಪ್ಲಗ್ ಕಿತ್ತು, ಗಾಳಿ ಪೂರ್ತಿ ಬಿಟ್ಟು, ಮೀಟರ್ ಮುಳ್ಳು ಸೊನ್ನೆಗೆ ಬಂದ ಮೇಲಷ್ಟೇ ಬಿಚ್ಚಿ, ಅವಸರ ಬೇಡ. ಒಳಗೆ ಕರಿ ಮಸಿ ಇದ್ದರೆ ಒರೆಸಿ, ರಬ್ಬರ್ ಸವೆದಿದ್ದರೆ ಹೊಸದು ಹಾಕಿ, ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ.

‘ಟುಸ್’ ಸರಿಯಾಗೇ ಬಂದು ನಿಂತರೆ, ಮೋಟರ್ ಸ್ಟಾರ್ಟ್ ಆಗಲು ನೆರವಾಗುವ ಕೆಪಾಸಿಟರ್ ಚೆಕ್ ಮಾಡಿಸಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ. ವೋಲ್ಟೇಜನ್ನೂ ನೋಡಿ. 230 ಇರಬೇಕಾದ ಕಡೆ 180 ಬಂದರೆ ಸ್ಟಾರ್ಟಿಂಗ್ ಬಲ ಸುಮಾರು ಶೇ 60ಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಬೀದಿಯ ಕೂಲರೆಲ್ಲ ಓಡುವಾಗಲೇ ಈ ತೊಂದರೆ ಜಾಸ್ತಿ ಆಗುತ್ತಿದೆಯಾ, ಗಮನಿಸಿ. ಶೆಡ್ಡಿಗೆ ತೆಳು ವೈರಿನ ಎಕ್ಸ್‌ಟೆನ್ಶನ್ ಎಳೆದಿದ್ದರೆ ಮೊದಲು ಅದನ್ನು ತೆಗೆಯಿರಿ.

ಅಂದ ಹಾಗೆ, ಟ್ಯಾಂಕಿನ ಅಡಿಯ ಡ್ರೈನ್ ಕಾಕ್ ಯಾವಾಗ ತಿರುಗಿಸಿದಿರಿ? ಕೆಲಸ ಮುಗಿದ ಮೇಲೆ ದಿನಾ ನೀರು ಬಿಡಿ, ಇಲ್ಲದಿದ್ದರೆ ಪಾಲಿಶ್ ಮೇಲೆ ನೀರಿನ ಗುಳ್ಳೆ ಏಳುತ್ತದೆ, ಟ್ಯಾಂಕೂ ಒಳಗಿಂದ ತುಕ್ಕು ಹಿಡಿಯುತ್ತದೆ. ತುಕ್ಕು ತಿಂದು ತೂತಾದ ಟ್ಯಾಂಕಿಗೆ ಮಾತ್ರ ವೆಲ್ಡಿಂಗ್ ಮಾಡಿಸಬೇಡಿ, ಗುಜರಿಗೆ ಹಾಕಿ.