ಹೆಚ್ಚು ಮತ ಪಡೆದವರೇ ಸೋತ ಚುನಾವಣೆ

ಪ್ರಶ್ನೆ: 1947ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಮೂವರು ಏಕಕಾಲಕ್ಕೆ ತಾವೇ ಗವರ್ನರ್ ಎಂದರಂತೆ. ಚುನಾವಣೆ ನಡೆದಿದ್ದರೂ ಹೀಗೇಕಾಯಿತು?

ಉತ್ತರ: ಗೆದ್ದವರು ಪ್ರಮಾಣವಚನಕ್ಕೆ ಮೊದಲೇ ತೀರಿಕೊಂಡದ್ದರಿಂದ. 1946ರ ಚುನಾವಣೆಯಲ್ಲಿ ಆಯ್ಕೆಯಾದ ಯೂಜೀನ್ ಟಾಲ್ಮಡ್ಜ್ ಅದೇ ಡಿಸೆಂಬರ್ 21ರಂದು ನಿಧನರಾದರು. ಅವರ ಅನಾರೋಗ್ಯ ತಿಳಿದಿದ್ದ ಆಪ್ತರು ನವೆಂಬರ್ ಮತದಾನದಲ್ಲೇ ಮಗ ಹರ್ಮನ್ ಹೆಸರನ್ನು ಮತಪತ್ರದಲ್ಲಿ ಕೈಯಿಂದ ಬರೆಯುವಂತೆ ಕೆಲವರಿಗೆ ಹೇಳಿಟ್ಟಿದ್ದರು. ಗೆದ್ದವರು ತೀರಿಕೊಂಡರೆ ಅವರ ನಂತರ ಹೆಚ್ಚು ಮತ ಪಡೆದವರಲ್ಲಿ ಒಬ್ಬರನ್ನು ಶಾಸನಸಭೆ ಆರಿಸಬಹುದೆಂಬುದು ಅವರ ಎಣಿಕೆ. ಆ ಮತಗಳ ಆಧಾರದ ಮೇಲೆ ಜನವರಿಯಲ್ಲಿ ಶಾಸನಸಭೆ 161–87ರಿಂದ 33 ವರ್ಷದ ಹರ್ಮನ್ ಅವರನ್ನು ಗವರ್ನರ್ ಆಗಿ ಆರಿಸಿತು. ಅವರ ಕಡೆಯವರು ರಾತ್ರೋರಾತ್ರಿ ಕಚೇರಿಯ ಬೀಗ ಬದಲಿಸಿದರು. ನಿರ್ಗಮಿಸಬೇಕಿದ್ದ ಗವರ್ನರ್ ಎಲಿಸ್ ಆರ್ನಾಲ್ ಒಪ್ಪದೆ, ಶಾಸನಭವನದ ಮಾಹಿತಿ ಕಟ್ಟೆಯಲ್ಲೇ ಕಚೇರಿ ಹೂಡಿದರು. ಲೆಫ್ಟಿನೆಂಟ್ ಗವರ್ನರ್ (ಉಪ ಗವರ್ನರ್) ಆಗಿ ಆಯ್ಕೆಯಾಗಿದ್ದ ಮೆಲ್ವಿನ್ ಥಾಮ್ಸನ್ ಮೂರನೆಯವರು. ರಾಜ್ಯದ ಕಾರ್ಯದರ್ಶಿ ಬೆನ್ ಫೋರ್ಟ್‌ಸನ್ ಅಧಿಕೃತ ಮುದ್ರೆಯನ್ನು ತಮ್ಮ ಗಾಲಿಕುರ್ಚಿಯ ಮೆತ್ತೆಯ ಕೆಳಗೆ ಅಡಗಿಸಿ ಕಾಪಾಡಿದರು; ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ವ್ಯಕ್ತಿ ಅವರು. ಮಾರ್ಚ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಗವರ್ನರ್ ಅನ್ನು ಆರಿಸುವ ಅಧಿಕಾರ ಶಾಸನಸಭೆಗೆ ಇರಲಿಲ್ಲವೆಂದು ಥಾಮ್ಸನ್ ಪರ ತೀರ್ಪಿತ್ತಿತು.

ಹರ್ಮನ್‌ಗೆ ಬಿದ್ದ ಕೈಬರಹದ ಮತಗಳು ಮೊದಲ ಎಣಿಕೆಯಲ್ಲಿ ಸಾಕಾಗಿರಲಿಲ್ಲ. ಆಗ ಅವರ ತವರಾದ ಟೆಲ್ಫೇರ್ ಕೌಂಟಿಯಿಂದ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಇನ್ನೂ 58 ಮತಗಳು ‘ಸಿಕ್ಕವು’. ಮತ ಹಾಕಿದವರೆಂದು ದಾಖಲಾದವರಲ್ಲಿ ಸತ್ತವರ ಹೆಸರುಗಳೂ ಇದ್ದುದನ್ನು ‘ಅಟ್ಲಾಂಟಾ ಜರ್ನಲ್’ ವರದಿಗಾರ ಜಾರ್ಜ್ ಗುಡ್ವಿನ್ ಬಯಲಿಗೆಳೆದರು. ಅದಕ್ಕೆ ಪುಲಿಟ್ಜರ್ ಪ್ರಶಸ್ತಿಯೂ ಬಂತು.

ಪ್ರಶ್ನೆ: ಯೂಜೀನ್ ಟಾಲ್ಮಡ್ಜ್ ಅವರಿಗೆ ಜನಬೆಂಬಲ ಅಷ್ಟೊಂದಿತ್ತೇ?

ಉತ್ತರ: ಇರಲಿಲ್ಲ. ನೀವು ಇದನ್ನು ಕೇಳಿದ್ದು ಒಳ್ಳೆಯದಾಯಿತು. ಬೀಗ, ಮುದ್ರೆಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಿಜವಾದ ಅನ್ಯಾಯ ಅದಕ್ಕೂ ಮೊದಲೇ, ಜುಲೈ 17ರಂದು ನಡೆದುಹೋಗಿತ್ತು.

ಆಗ ಜಾರ್ಜಿಯಾದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ, ಗೆದ್ದವರೇ ಗವರ್ನರ್. ನವೆಂಬರ್ ಮತದಾನ ಬರೀ ವಿಧಿ. ಆ ಪ್ರೈಮರಿಯಲ್ಲಿ ಜೇಮ್ಸ್ ಕಾರ್ಮೈಕಲ್ ಟಾಲ್ಮಡ್ಜ್ ಅವರಿಗಿಂತ ಸುಮಾರು 16 ಸಾವಿರ ಹೆಚ್ಚು ಮತ ಪಡೆದರು. ಆದರೂ ಸೋತರು. ಏಕೆಂದರೆ ಅಲ್ಲಿ ಲೆಕ್ಕಕ್ಕೆ ಬರುತ್ತಿದ್ದುದು ಮನುಷ್ಯರಲ್ಲ, ಕೌಂಟಿಗಳು. 159 ಕೌಂಟಿಗಳಲ್ಲಿ ದೊಡ್ಡ 8ಕ್ಕೆ ತಲಾ 6 ಯೂನಿಟ್, ನಂತರದ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಕೌಂಟಿಯಲ್ಲಿ ಮುಂದಿದ್ದವರಿಗೆ ಅದರ ಯೂನಿಟ್‌ಗಳೆಲ್ಲ ಸೇರುತ್ತಿದ್ದವು. ಅಟ್ಲಾಂಟಾ ನಗರವಿರುವ ಫುಲ್ಟನ್ ಕೌಂಟಿಯಲ್ಲಿ ನಾಲ್ಕು ಲಕ್ಷದ ಹತ್ತಿರ ಜನರಿದ್ದರು. ಕೆಲವೇ ಸಾವಿರ ಜನರಿದ್ದ ಮೂರು ಸಣ್ಣ ಕೌಂಟಿಗಳು ಸೇರಿದರೆ ಅದಕ್ಕೆ ಸಮ! ಟಾಲ್ಮಡ್ಜ್‌ಗೆ 242 ಯೂನಿಟ್ ಬಂದವು, ಕಾರ್ಮೈಕಲ್‌ಗೆ 146.

ಆ ವರ್ಷವೇ ಇದು ಇನ್ನಷ್ಟು ನೋಯಿಸುವುದಕ್ಕೆ ಕಾರಣವಿದೆ. ಬಿಳಿಯರಿಗಷ್ಟೇ ಮೀಸಲಾಗಿದ್ದ ಪ್ರೈಮರಿಯನ್ನು ಕೊಲಂಬಸ್ ನಗರದ ಪ್ರೈಮಸ್ ಕಿಂಗ್ ನ್ಯಾಯಾಲಯದಲ್ಲಿ ಪ್ರಶ್ನಿಸಿ ಗೆದ್ದಿದ್ದರು. ಒಂದು ಲಕ್ಷಕ್ಕೂ ಹೆಚ್ಚು ಕಪ್ಪು ಜನರು ಮತದಾರರಾಗಿ ನೋಂದಾಯಿಸಿಕೊಂಡರು. ಟಾಲ್ಮಡ್ಜ್ ಪ್ರಚಾರವೆಲ್ಲ ಬಿಳಿಯರ ಪ್ರೈಮರಿಯನ್ನು ಮರಳಿ ತರುವ ಮಾತಿನ ಮೇಲೆಯೇ ನಿಂತಿತ್ತು. ಅವರ ಬೆಂಬಲಿಗರು ಕೌಂಟಿ ಕೌಂಟಿಗಳಲ್ಲಿ ಕಪ್ಪು ಮತದಾರರ ಹೆಸರುಗಳಿಗೆ ಆಕ್ಷೇಪಣೆ ಸಲ್ಲಿಸಿ ಪಟ್ಟಿಯಿಂದ ಅಳಿಸಿದರು. ಟೇಲರ್ ಕೌಂಟಿಯ ಮೇಸಿಯೊ ಸ್ನೈಪ್ಸ್ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಕಪ್ಪು ಸೈನಿಕ. ಪ್ರೈಮರಿಯಲ್ಲಿ ಮತ ಹಾಕಿದ ಮರುದಿನ ಅವರ ಮೇಲೆ ಗುಂಡು ಹಾರಿಸಲಾಯಿತು. ಜುಲೈ 20ರಂದು ಅವರು ತೀರಿಕೊಂಡರು. ಮೂವರು ಗವರ್ನರ್‌ಗಳ ಕಥೆ ಹೇಳುವವರು ಈ ಹೆಸರನ್ನು ಬಿಡಬಾರದೆಂಬುದು ನನ್ನ ಹಟ.

ಥಾಮ್ಸನ್ ಅವರ ಅಧಿಕಾರ ಹೆಚ್ಚು ಕಾಲ ಉಳಿಯಲಿಲ್ಲ. 1948ರ ವಿಶೇಷ ಚುನಾವಣೆಯಲ್ಲಿ ಥಾಮ್ಸನ್ ಅವರನ್ನು ಸೋಲಿಸಿ ಹರ್ಮನ್ ಅದೇ ಕಚೇರಿಗೆ ಮರಳಿದರು. ಯೂನಿಟ್ ಪದ್ಧತಿ 1960ರ ದಶಕದವರೆಗೂ ಉಳಿಯಿತು. ಫುಲ್ಟನ್ ಕೌಂಟಿಯ ಮತದಾರ ಜೇಮ್ಸ್ ಸ್ಯಾಂಡರ್ಸ್ ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ಅದನ್ನು ಅಸಾಂವಿಧಾನಿಕವೆಂದಿತು.