ಸಿಂಧನೂರಿನ ತಮ್ಮನಿಗೆ: ನನ್ನ ಶೀಟು ಕೊಡುವುದಿಲ್ಲ, ನಿನ್ನದನ್ನು ಕಟ್ಟೋಣ

ತಮ್ಮಾ, ನಿನ್ನ ಕಾಗದ ಎರಡು ಸಲ ಓದಿದೆ. ಸಿಂಧನೂರಿನಿಂದ ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಬಂದು ಎರಡು ತಿಂಗಳಾಯಿತು, ನವೆಂಬರಿನ ಮಳೆ ಹಿಡಿದುಬಿಟ್ಟಿದೆ, ಸಂಜೆ ನಾಲ್ಕೂವರೆಗೆ ಕತ್ತಲು, ಶನಿವಾರ ಬಂತೆಂದರೆ ರೂಮಿನ ಗೋಡೆ ನೋಡುತ್ತ ಕೂಡುವುದೇ ಆಗಿದೆ ಅಂತ ಬರೆದಿದ್ದೀಯ. ಆಫೀಸಿನಲ್ಲಿ ಒಬ್ಬರು ಮನೆಯಲ್ಲೇ ಬಿಯರ್ ಮಾಡುತ್ತಾರಂತೆ, ನಾನೂ ಮಾಡುತ್ತೇನೆ ಅಂತ ಅವರಿವರಿಂದ ಕೇಳಿದ್ದೀಯ. "ವೀಸಾದ ಮೇಲೆ ಬಂದ ನಮ್ಮಂಥವರು ಮಾಡಿದರೆ ತೊಂದರೆ ಏನಿಲ್ಲಲ್ಲ ಅಣ್ಣಾರ? ನಿಮ್ಮ ಎಕ್ಸೆಲ್ ಶೀಟು ಕಳಿಸಿದರೆ ಹಂಗೇ ನೋಡಿ ಮಾಡ್ತೀನಿ" ಅಂದಿದ್ದೀಯ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಇಲ್ಲಿ ಕೇಂದ್ರ ಸರಕಾರದ ಅನುಮತಿ ಇದೆ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ 1979ರ ಫೆಬ್ರವರಿಯಿಂದ ಜಾರಿಗೆ ಬಂತು. ಒಬ್ಬನೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ 200. ಐದು ಗ್ಯಾಲನ್ ಅಂದರೆ ಸುಮಾರು 19 ಲೀಟರು, ಅದೇ ಇಲ್ಲಿಯವರ ಒಂದು ಪಾಕ. ಹಾಗೆ ನೋಡಿದರೆ ವರ್ಷಕ್ಕೆ ಇಪ್ಪತ್ತು ಪಾಕ ಮಾಡಬಹುದು. 21 ವರ್ಷ ತುಂಬಿರಬೇಕು. ಒಂದು ಬಾಟಲಿಯನ್ನೂ ಮಾರಬಾರದು. ನಾಳೆ ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿಯ ನಿಯಮ ನೋಡಿಕೋ. ಅಲಬಾಮ, ಮಿಸಿಸಿಪ್ಪಿಗಳು ಒಪ್ಪಿದ್ದು 2013ರಲ್ಲಿ. ಕುಡಿದು ಗಾಡಿ ಮುಟ್ಟಬೇಡ. ಹಾಗೆ ಸಿಕ್ಕಿಬಿದ್ದರೆ ವೀಸಾ ರದ್ದಾಗುವವರೆಗೂ ಹೋಗಬಹುದು, ಆಮೇಲೆ ಯಾರೂ ಕೈ ಹಿಡಿಯುವುದಿಲ್ಲ. ಊರಲ್ಲಿರುವ ತಮ್ಮಂದಿರಿಗೆ ಇದನ್ನು ಹೇಳಿಕೊಟ್ಟು ಮಾಡಿಸಲೂ ಬೇಡ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮಾಡಿದರೆ ಅಪರಾಧ. ನೀನು ಕುಡಿಯದವನಾದರೆ ಇದರ ಗೊಡವೆಯೇ ಬೇಡ. ಶನಿವಾರ ಊಟಕ್ಕೆ ಬಾ, ಬೇರೆ ಕೆಲಸ ಬೇಕಾದಷ್ಟಿದೆ.

ಇನ್ನು ಶೀಟು. ಅದನ್ನು ನಾನು ಕಳಿಸುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಕಾರಣ ಇದೆ.

ನಮ್ಮಪ್ಪ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಕೆಂಪು ರಟ್ಟಿನ ಕಿರ್ದಿ ಪುಸ್ತಕದಲ್ಲಿ ದಿನಾ ಸಂಜೆ ಬರೆಯುತ್ತಿದ್ದರು: ಬಂದ ಭತ್ತ ಇಷ್ಟು, ಅಕ್ಕಿ ಇಷ್ಟು, ನುಚ್ಚು ಇಷ್ಟು, ತೌಡು ಇಷ್ಟು, ಹೊಟ್ಟು ಇಷ್ಟು. ಸರಕಾರಕ್ಕೆ ಅಕ್ಕಿ ಮಾಡಿಕೊಡುವಾಗ ನೂರು ಕೆಜಿ ಭತ್ತಕ್ಕೆ 67 ಕೆಜಿ ಅಕ್ಕಿ ಅನ್ನುವುದು ಲೆಕ್ಕ. ಆದರೆ ಅಪ್ಪ ಆ 67ನ್ನು ನಂಬಿ ಯಾವತ್ತೂ ಕೂತವರಲ್ಲ. ಭತ್ತ ಹಸಿ ಇದ್ದರೆ ಒಂದು ಇಳುವರಿ, ರೋಲರ್ ಸವೆದಿದ್ದರೆ ಇನ್ನೊಂದು. "ಪಕ್ಕದ ಮಿಲ್ಲಿನ ಇಳುವರಿ ನಮ್ಮ ಪುಸ್ತಕಕ್ಕೆ ಯಾಕ ಬರೀಬೇಕು" ಅನ್ನುತ್ತಿದ್ದರು. ಇಲ್ಲಿಗೆ ಬಂದ ಹೊಸದರಲ್ಲಿ ಆ ಮಾತು ನನಗೆ ನೆನಪಾಗಲಿಲ್ಲ. ಯಾರೋ ಮಾಡಿಟ್ಟ ಶೀಟನ್ನು ಇಳಿಸಿಕೊಂಡು ಅದರಂತೆ ಮೊದಲ ಪಾಕ ಹಾಕಿದೆ.

ಬಿಯರ್ ಅಂದರೆ ಇಷ್ಟೇ: ಮಾಲ್ಟು, ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ; ಅದನ್ನು ಒಡೆದು ಬಿಸಿ ನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆಯುವುದು, ಹಾಪ್ಸು ಅನ್ನುವ ಕಹಿ ಹೂ ಹಾಕಿ ಕುದಿಸುವುದು, ಯೀಸ್ಟು ಹಾಕಿ ಹುದುಗಿಸುವುದು. ಏನಾಯಿತು ನೋಡು. ನೀರಿನ ಸಾಂದ್ರತೆ 1.000. ಮಾಲ್ಟಿನ ಸಿಹಿ ನೀರಿಗೆ ಸೇರಿದಷ್ಟೂ ಈ ಅಂಕಿ ಏರುತ್ತದೆ, ಹೈಡ್ರೋಮೀಟರು ಅದನ್ನು ತೋರಿಸುತ್ತದೆ. 1.001 ಆದರೆ ಒಂದು ಅಂಶ, 1.050 ಆದರೆ 50 ಅಂಶ. ಒಂದು ಕೆಜಿ ಒಳ್ಳೆಯ ಬಾರ್ಲಿ ಮಾಲ್ಟಿನ ಸಿಹಿಯೆಲ್ಲ ಒಂದು ಲೀಟರಿಗೆ ಬಂದರೆ ಸುಮಾರು 300 ಅಂಶ ಅಂತ ಲೆಕ್ಕ. ನಾನು ಹಾಕಿದ್ದು ನಾಲ್ಕು ಕೆಜಿ ಬಿಳಿ ಮಾಲ್ಟು, ಅದರ ಜೊತೆ 280 ಅಂಶದ 350 ಗ್ರಾಂ ಕ್ರಿಸ್ಟಲ್ ಮಾಲ್ಟು. ಒಟ್ಟು 1298 ಅಂಶ. ಆ ಸಿಹಿಯಲ್ಲಿ ನಿಜಕ್ಕೂ ರಸಕ್ಕೆ ಬರುವ ಪಾಲೇ ಇಳುವರಿ. ಆ ಶೀಟಿನ ಒಡೆಯರದ್ದು 75 ಪರ್ಸೆಂಟ್ ಇತ್ತು, ಅದನ್ನೇ ಬಿಟ್ಟಿದ್ದೆ. 1298ರ 75 ಪರ್ಸೆಂಟನ್ನು 19 ಲೀಟರಿಗೆ ಭಾಗಿಸಿದರೆ 51, ಅಂದರೆ 1.051 ಬರಬೇಕು. ಗಾಜಿನ ಕೊಳವೆಯಲ್ಲಿ ಹೈಡ್ರೋಮೀಟರು 1.042ಕ್ಕೇ ತೇಲಿ ನಿಂತಿತು. ತಣ್ಣಗಾದ ಮೇಲೆಯೇ ಅಳೆದಿದ್ದೆ, ಬೆರಳಲ್ಲಿ ತಿರುವಿ ಗುಳ್ಳೆ ಬಿಡಿಸಿ ಮತ್ತೆ ನೋಡಿದೆ, ಅದೇ 1.042. ಆ ರಾತ್ರಿ ಖಾಲಿ ಶೀಟು ತೆಗೆದು ಲೆಕ್ಕ ಹಿಂದಕ್ಕೆ ಹಾಕಿದೆ: 42ನ್ನು 19ರಿಂದ ಗುಣಿಸಿ 1298ರಿಂದ ಭಾಗಿಸಿದರೆ 61 ಚಿಲ್ಲರೆ. ನನ್ನ ಪಾತ್ರೆಯ ಇಳುವರಿ 61, ಬೇರೆಯವರದ್ದು 75. ಅಪ್ಪನ ಕಿರ್ದಿ ಆಗ ಕಣ್ಣ ಮುಂದೆ ಬಂತು.

ಮರುದಿನ ಉಳಿದ ಮಾಲ್ಟನ್ನು ಅಂಗೈ ಮೇಲೆ ಹರಡಿ ನೋಡಿದೆ. ಅರ್ಧಕ್ಕರ್ಧ ಕಾಳು ಇಡಿಯಾಗೇ ಇತ್ತು, ಅಂಗಡಿಯ ಗಿರಣಿಯಲ್ಲಿ ರೋಲರ್ ಸಂದು ಅಗಲ. ಸಂದು ಬಿಗಿ ಮಾಡಿಸಿ ಒಡೆಸಿದ ಮೇಲೆ ಇಳುವರಿ 72ಕ್ಕೆ ಬಂತು, ಈಗಲೂ ಅದರ ಆಚೀಚೆಯೇ ಇದೆ. 72ಕ್ಕೆ ಅದೇ ಮಾಲ್ಟು 1.049 ಕೊಡುತ್ತದೆ. ಯೀಸ್ಟು ಅದರಲ್ಲಿ 77 ಪರ್ಸೆಂಟ್ ತಿಂದರೆ ಕೊನೆಗೆ 1.011 ಉಳಿಯುತ್ತದೆ. ಮೊದಲಿನದರಲ್ಲಿ ಕೊನೆಯದನ್ನು ಕಳೆದು 131.25ರಿಂದ ಗುಣಿಸು, ಮದ್ಯದ ಪ್ರಮಾಣ ಸುಮಾರು 5 ಪರ್ಸೆಂಟ್. ಇಷ್ಟೂ ಕೂಡಿ ನಾಲ್ಕೈದು ಸೆಲ್ಲಿನ ಕೆಲಸ. ಬಿಯರ್‌ಸ್ಮಿತ್, ಬ್ರೂಫಾದರ್ ಅಂತ ಸಿದ್ಧ ತಂತ್ರಾಂಶಗಳೂ ಇವೆ, ಒಳ್ಳೆಯವೇ. ಆದರೆ ಭಾಗಾಕಾರ ನಿನ್ನ ಕೈಯಲ್ಲೇ ಆಗದಿದ್ದರೆ ಆ 42 ಯಾಕೆ 51 ಆಗಲಿಲ್ಲ ಅಂತ ಹುಡುಕುವ ದಾರಿ ಗೊತ್ತಾಗುವುದಿಲ್ಲ.

ನೀರಿನ ಲೆಕ್ಕವೂ ಹೀಗೆಯೇ ನಿನ್ನ ಪಾತ್ರೆಯದೇ ಆಗಬೇಕು. ನನ್ನದು ಹೇಳುತ್ತೇನೆ. ಕೊನೆಗೆ ಬೇಕಾದದ್ದು 19 ಲೀಟರು, ತಳದ ಗಸಿಯಲ್ಲಿ ಹೋಗುವುದು ಒಂದೂವರೆ, ಒಂದು ತಾಸು ಕುದಿಸಿದರೆ ಆವಿಯಾಗುವುದು ಮೂರೂವರೆ, ಒಂದು ಕೆಜಿ ಮಾಲ್ಟು ಹೀರಿಕೊಳ್ಳುವುದು ಸುಮಾರು ಒಂದು ಲೀಟರು. ಕೂಡಿಸಿದರೆ 28 ಲೀಟರಿನ ಮೇಲೆ. ಅದರಲ್ಲಿ 13 ಲೀಟರು ಮಾಲ್ಟು ನೆನೆಸುವುದಕ್ಕೆ, ಉಳಿದದ್ದು ತೊಳೆಯುವುದಕ್ಕೆ. ಗ್ಯಾರೇಜಿನಲ್ಲಿ ಮಾಲ್ಟು 15 ಡಿಗ್ರಿ ಇದ್ದಾಗ ನೀರು 74ಕ್ಕೆ ಕಾಯಿಸಿದರೆ ಬೆರೆಸಿದ ಮೇಲೆ 67ಕ್ಕೆ ನಿಲ್ಲುತ್ತದೆ. ಈ ಲೆಕ್ಕಕ್ಕೂ ಒಂದು ಸೆಲ್ಲು ಇಟ್ಟಿದ್ದೇನೆ. ಅಗಲ ಬಾಯಿಯ ಪಾತ್ರೆಯಾದರೆ ಆವಿ ಹೆಚ್ಚು. ನೀರಿನ ಗುಣದ ಚಿಂತೆ ನಿನಗೆ ಬೇಡ. ಪೋರ್ಟ್‌ಲ್ಯಾಂಡಿಗೆ ಬುಲ್ ರನ್ ಕೊಳ್ಳದಿಂದ ಬರುವ ನೀರು ತುಂಬಾ ಮೆದು, ನಮ್ಮೂರ ಬೋರಿನ ಗಡಸು ನೀರು ಕುಡಿದು ಬೆಳೆದವರಿಗೆ ಮೊದಮೊದಲು ಸಪ್ಪೆ ಅನ್ನಿಸುವಷ್ಟು.

ಹಾಪ್ಸಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀನು ಮಾಡಬಾರದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಸಂಶೋಧನೆಯಿಂದ 1972ರಲ್ಲಿ ಹೊರಬಂದ ಕ್ಯಾಸ್ಕೇಡ್ ಅನ್ನುವ ತಳಿಯನ್ನೇ ನಾನು ಬಳಸುವುದು. ಪೊಟ್ಟಣದ ಮೇಲೆ ಕಹಿ ಕೊಡುವ ಆಲ್ಫಾ ಆಮ್ಲ ಎಷ್ಟು ಪರ್ಸೆಂಟ್ ಅಂತ ಬರೆದಿರುತ್ತದೆ, ಅದು ಬೆಳೆಯಿಂದ ಬೆಳೆಗೆ ಬೇರೆ. ಪ್ರತಿ ಸಲ ನೋಡಿ ತುಂಬಬೇಕು. ಕಹಿಯ ಲೆಕ್ಕಕ್ಕೆ ಟಿನ್ಸೆತ್ ಸೂತ್ರ ಹಾಕಿದ್ದೇನೆ. 1.050ರ ರಸದಲ್ಲಿ ಒಂದು ತಾಸು ಕುದ್ದ ಹಾಪ್ಸಿನಿಂದ ಸುಮಾರು 23 ಪರ್ಸೆಂಟ್ ಕಹಿ ಇಳಿಯುತ್ತದೆ, 20 ನಿಮಿಷ ಕುದ್ದರೆ 14 ಮಾತ್ರ. ನನ್ನ ಶೀಟಿನಲ್ಲಿ ಬಿ3 ಅನ್ನುವ ಸೆಲ್ಲಿನಲ್ಲಿ 19 ಲೀಟರು ಇತ್ತು, ಅದರ ಕೆಳಗೆ ಬಿ4ರಲ್ಲಿ ಒಟ್ಟು ನೀರು 28. ಮೊದಲ ಹಾಪ್ಸಿನ ಸಾಲು ಬರೆದು, ಫಾರ್ಮುಲಾವನ್ನು ಕೆಳಗಿನ ಸಾಲಿಗೆ ಎಳೆದೆ. ಎಳೆದಾಗ ಸೆಲ್ಲು ಜಾರದಂತೆ ಹಿಡಿಯುವ ಡಾಲರ್ ಚಿಹ್ನೆಯನ್ನು ಬಿ3ಕ್ಕೆ ಹಾಕಿರಲಿಲ್ಲ. ಎರಡನೇ ಸಾಲು ತಾನಾಗೇ ಬಿ4ಕ್ಕೆ ಜಾರಿ 28ರಿಂದ ಭಾಗಿಸಿತು. ಕಹಿ ಕಡಿಮೆ ಕಂಡಿತು, ಅದಕ್ಕೆ ಗ್ರಾಂ ಹೆಚ್ಚಿಸುತ್ತ 60ಕ್ಕೆ ಹೋದೆ. ಕಹಿಯ ಅಂಕಿ ಶೀಟಿನಲ್ಲಿ 35 ಅಂದಿತು, ಬಾಟಲಿಯಲ್ಲಿ ಇದ್ದದ್ದು 43. ಗಂಟಲಿಗೆ ಅಂಟುವ ಕಹಿ. ತಿಂಗಳ ಮೇಲೆ, ಮುಂದಿನ ಪಾಕಕ್ಕೆ ಕೂತಾಗ, ಆ ಸೆಲ್ಲಿನ ಮೇಲೆ ಎರಡು ಸಲ ಒತ್ತಿ ಬಣ್ಣದ ಚೌಕ ಎಲ್ಲಿ ಕೂತಿದೆ ಅಂತ ನೋಡಿದ ಮೇಲೆ ಗೊತ್ತಾಯಿತು. ಅಂದಿನಿಂದ ಒಂದು ಸಾಲನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡದೆ ಒಲೆ ಹಚ್ಚಿಲ್ಲ.

ಮನೆಯವರ ವಿಷಯ ನೀನು ಕೇಳಿಲ್ಲ, ಆದರೆ ಕೇಳಬೇಕೆನ್ನಿಸಿರುತ್ತದೆ. ನಮ್ಮ ಕಡೆ ಈ ಮಾತು ಎತ್ತುವುದು ಸುಲಭವಲ್ಲ. ನಾನು ಎರಡು ವರ್ಷ ಮುಚ್ಚಿಟ್ಟೆ. ಅವ್ವ ಬಂದಾಗ ಗ್ಯಾರೇಜಿನ ಮಾಲ್ಟಿನ ಚೀಲ ಕಣ್ಣಿಗೆ ಬಿತ್ತು. ಬಗ್ಗಿ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡು ಅಗಿದಳು. "ಮೊಳಕಿ ಕಟ್ಟಿ ಹುರದ ಜ್ವಾಳ ಇದ್ದಂಗೈತಲ್ಲಪಾ ಇದು" ಅಂದಳು. ಆಗ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಇಟ್ಟು ಮಾಡ್ತೀ ಅಂದ್ರ ಲೆಕ್ಕ ಇಟ್ಟೇ ಕುಡಿ" ಅಂದಳು. ಅವ್ವ ಅದನ್ನು ಒಪ್ಪಿದಳು ಅಂತ ನಾನು ಹೇಳಲಾರೆ. ಆದರೆ ಆ ಮಾತಿಗೆ ನನ್ನ ಶೀಟಿನಲ್ಲಿ ಒಂದು ಕಾಲಂ ಇದೆ: ಎಷ್ಟು ಬಾಟಲಿ, ಯಾರಿಗೆ ಹೋದವು, ಮನೆಯಲ್ಲಿ ಎಷ್ಟು ಉಳಿದವು. ಇವತ್ತಿಗೂ ತುಂಬುತ್ತೇನೆ.

ಅವ್ವನ ಮಾತಿನಿಂದಲೇ ಜೋಳ ಹಾಕಿ ನೋಡುವ ಆಸೆ ಹುಟ್ಟಿತು, ಆಮೇಲೆ ಸೋನಾ ಮಸೂರಿ. ಬಾರ್ಲಿಯ ಪಿಷ್ಟ 67 ಡಿಗ್ರಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಅಕ್ಕಿ ಜೋಳದ್ದು ಅಷ್ಟಕ್ಕೆ ಜಗ್ಗುವುದಿಲ್ಲ. ಮನೆಯಲ್ಲಿ ನುಚ್ಚು ಬೇಯಿಸಿದ ಹಾಗೆ ಮೊದಲು ಚೆನ್ನಾಗಿ ಬೇಯಿಸಿ, ಆಮೇಲೆ ಮಾಲ್ಟಿಗೆ ಬೆರೆಸಬೇಕು. ಬಾರ್ಲಿಯ ಕಿಣ್ವಗಳೇ ಅದನ್ನೂ ಸಿಹಿ ಮಾಡುತ್ತವೆ. ಶೀಟಿನಲ್ಲಿ ಒಣ ತೂಕವನ್ನೇ ಬರೆಯಬೇಕು, ಬೇಯಿಸಲು ಹಾಕಿದ ನೀರನ್ನು 28 ಲೀಟರಿನಲ್ಲಿ ಕಳೆಯಬೇಕು. ಮೂರೂವರೆ ಕೆಜಿ ಮಾಲ್ಟಿಗೆ 700 ಗ್ರಾಂ ಅಕ್ಕಿ ಹಾಕಿದ್ದು ನನ್ನ ಪಾಕಗಳಲ್ಲೇ ಹಗುರವಾದದ್ದು, ಬಣ್ಣ ಎಳೆ ಹುಲ್ಲಿನದು. ಗಂಗಾವತಿಯ ಅಕ್ಕಿಯ ವಾಸನೆ ಅದರಲ್ಲಿ ಉಳಿಯುವುದಿಲ್ಲ. ಆದರೂ ಅದನ್ನೇ ಹಾಕುತ್ತೇನೆ.

ಗ್ಯಾಸು ಬರಲಿ ಅಂತ ಬಾಟಲಿಗೆ ತುಂಬುವಾಗ ಹಾಕುವ ಸಕ್ಕರೆಯಲ್ಲಿ ಮಾತ್ರ ಅಂದಾಜು ಬೇಡವೇ ಬೇಡ. ಮೂರು ದಿನ ಹೈಡ್ರೋಮೀಟರು ಒಂದೇ ಅಂಕಿ ತೋರಿಸಿದ ಮೇಲೆಯೇ ತುಂಬು. 20 ಡಿಗ್ರಿಯಲ್ಲಿ ಹುದುಗಿದ 19 ಲೀಟರಿಗೆ ನಾವು ಚಹಾಕ್ಕೆ ಹಾಕುವ ಸಕ್ಕರೆ ಸುಮಾರು 117 ಗ್ರಾಂ ಸಾಕು. ಪಾಕ 19 ಅಂತ ಇದ್ದರೂ ಬಾಟಲಿಗೆ ಬಂದದ್ದು 16 ಇದ್ದರೆ ಆ 16ಕ್ಕೇ ಲೆಕ್ಕ ಹಾಕು. ಹೆಚ್ಚಾದರೆ ಗಾಜು ಸಿಡಿಯುತ್ತದೆ, ಕಣ್ಣಿಗೆ ಅಪಾಯ.

ವಿಸಿಕ್ಯಾಲ್ಕ್ ಅನ್ನುವ ಮೊದಲ ಜನಪ್ರಿಯ ಲೆಕ್ಕದ ತಂತ್ರಾಂಶ ಬಂದದ್ದೂ 1979ರಲ್ಲೇ, ಆ ಕಾಯ್ದೆ ಜಾರಿಯಾದ ವರ್ಷವೇ. ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಗಿತ್ತು, ಅದಕ್ಕೆ ಹೇಳಿದೆ. ನೀನು ದುಡ್ಡು ಕೊಟ್ಟು ಎಕ್ಸೆಲ್ ಕೊಳ್ಳಬೇಕಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್ ಆದರೂ ಸರಿ, ಗೂಗಲ್ ಶೀಟ್ಸ್ ಆದರೂ ಸರಿ. ನಾನು ಗೂಗಲ್ಲಿನದೇ ಇಟ್ಟುಕೊಂಡಿದ್ದೇನೆ, ಒಲೆ ಮುಂದೆ ನಿಂತಾಗ ಫೋನಿನಲ್ಲೇ ಅಂಕಿ ತುಂಬಬಹುದು.

ಮೊದಲ ಎರಡು ಚಳಿಗಾಲ ನನಗೂ ನಿನ್ನ ಹಾಗೆಯೇ ಕಳೆದವು. ಜನರ ಮನೆಗೆ ಹೋಗಿ ಸುಮ್ಮನೆ ಕೂತು ಮಾತಾಡುವುದು ನನಗೆ ಬರುತ್ತಿರಲಿಲ್ಲ. 61 ಯಾಕೆ ಬಂತು ಅಂತ ಕೇಳಲು ಮಾಲ್ಟಿನ ಅಂಗಡಿಗೆ ಹೋದ ದಿನ, ಅಲ್ಲಿದ್ದ ಇಬ್ಬರು ಗಿರಣಿಯ ಸಂದಿಗೆ ಬ್ಯಾಟರಿ ಬೆಳಕು ಹಿಡಿದು ನನ್ನ ಜೊತೆ ಮುಕ್ಕಾಲು ತಾಸು ಬಗ್ಗಿ ನಿಂತರು. ಅವರಲ್ಲಿ ಒಬ್ಬರು ಈಗಲೂ ದೀಪಾವಳಿಗೆ ಬರುತ್ತಾರೆ, ಶೇಂಗಾ ಹೋಳಿಗೆ ಕೇಳಿ ಹಾಕಿಸಿಕೊಳ್ಳುತ್ತಾರೆ.

ಈ ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಾ. ಹಳೆಯ ವಸ್ತುಗಳ ಅಂಗಡಿಯಲ್ಲಿ 30 ಲೀಟರಿನ ಸ್ಟೀಲ್ ಪಾತ್ರೆ ಸಿಕ್ಕರೆ ಹಿಡಿದುಕೊಂಡು ಬಾ, ಜೊತೆಗೆ ಉದ್ದನೆಯ ಕಟ್ಟಿಗೆ ಸೌಟು. ಲೀಟರ್ ಲೀಟರ್ ನೀರು ಸುರಿಯುತ್ತ ಸೌಟಿಗೆ ಗೀರು ಹಾಕೋಣ, ಆಮೇಲೆ ಬರೀ ನೀರನ್ನೇ ಒಂದು ತಾಸು ಕುದಿಸಿ ಎಷ್ಟು ಇಳಿಯಿತು ನೋಡೋಣ. ಅದೇ ನಿನ್ನ ಶೀಟಿನ ಮೊದಲ ಅಂಕಿ. ಮಧ್ಯಾಹ್ನಕ್ಕೆ ರೊಟ್ಟಿ, ಎಣ್ಣೆಗಾಯಿ ಇರುತ್ತದೆ.