ಗಂಡನ ಎಕ್ಸೆಲ್ ಶೀಟು, ಹೆಂಡತಿಯ ಕೊಟೇಶನ್

(ಹೆಸರು, ಕೆಲಸದ ವಿವರ ಬದಲಿಸಿದ್ದೇನೆ. ಬರೆಯೋಕೆ ಇಬ್ಬರೂ ಒಪ್ಪಿದ್ದಾರೆ.)

ನಾನು ಆಪ್ತಸಲಹೆಗಾರ್ತಿ. ಬಳ್ಳಾರಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಗಂಡ ಹೆಂಡತಿ ಜಗಳ ಬಿಡಿಸೋಕೆ ಕೂರಬಾರದು ಅಂತ ನನ್ನದೊಂದು ನಿಯಮ. ಆದರೆ ಮಂಜುನಾಥ ಅವರಿಗೆ ನೈಟ್ ಶಿಫ್ಟ್ ನಡೆಯುತ್ತಿತ್ತು, ಅವರು ಸಿಗೋ ಹೊತ್ತು ಅದೊಂದೇ. ವಯಸ್ಸು ನಲವತ್ತರ ಹತ್ತಿರ. ತೋರಣಗಲ್ಲು ಕಡೆ ಫ್ಯಾಕ್ಟರಿಯಲ್ಲಿ ಕೆಲಸ. ಹೋಗಿ ಬರೋಕೆ ದಿನಕ್ಕೆ ಹೆಚ್ಚುಕಮ್ಮಿ 65 ಕಿಲೋಮೀಟರ್, ಎಲ್ಲಾ 350 ಸಿಸಿ ಬುಲೆಟ್ ಮೇಲೆ. ಹೆಂಡತಿ ಶಾರದಾ ಖಾಸಗಿ ಶಾಲೆಯಲ್ಲಿ ಟೀಚರ್. ಎರಡು ಮಕ್ಕಳು, ಮಂಡಿ ನೋವಿನ ಅತ್ತೆ.

ಶಾರದಾ ಬ್ಯಾಗಿನಿಂದ ಹೈಬ್ರಿಡ್ ಕಾರಿನ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರೂ ಇರೋ ಕಾರಿನ, ಕೊಟೇಶನ್ ತೆಗೆದು ಟೇಬಲ್ ಮೇಲಿಟ್ಟರು. ಮಂಜುನಾಥ ಫೋನಿನಲ್ಲಿ ಎಕ್ಸೆಲ್ ಶೀಟು ತೆಗೆದರು. ನಾನಿನ್ನೂ ಹೆಸರೂ ಕೇಳಿರಲಿಲ್ಲ.

"ಮೇಡಂ, ಇದು ಲೀಟರ್‌ಗೆ 27.97 ಕೊಡುತ್ತೆ ಅಂತ ಕಂಪನಿಯವರೇ ಹಾಕಿದ್ದಾರೆ. ಇವರ ಬೈಕು 35. ಏನು ದೊಡ್ಡ ವ್ಯತ್ಯಾಸ, ನೀವೇ ಹೇಳ್ರಿ."

"27.97 ಟೆಸ್ಟಿಂಗ್‌ನಲ್ಲಿ ಬರೋದು ಕಣೇ, ರೋಡ್‌ನಲ್ಲಿ ಅಲ್ಲ."

ಗಂಡ ಹೇಳಿದ್ದು ಸರಿಯೇ. ಹೈಬ್ರಿಡ್ ಉಳಿಸೋದು ಊರೊಳಗೆ. ನಿಧಾನಕ್ಕೆ ಹೋಗುವಾಗ ಮೋಟರ್ ಓಡಿಸುತ್ತೆ, ಬ್ರೇಕ್ ಹಿಡಿದಾಗ ಒಂದಷ್ಟು ಶಕ್ತಿ ಬ್ಯಾಟರಿಗೆ ವಾಪಸ್ ಬರುತ್ತೆ. ರಾಯಲ್ ಸರ್ಕಲ್ ಹತ್ತಿರ ಸಂಜೆ ಸಿಕ್ಕಿಕೊಂಡರೆ ಅದರ ಬೆಲೆ ಗೊತ್ತಾಗೋದು. ಹೊಸಪೇಟೆ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಹೆಚ್ಚಿನ ಕೆಲಸ ಎಂಜಿನ್ನೇ ಮಾಡಬೇಕು, ಹಾಗಾಗಿ ಉಳಿತಾಯವೂ ಕಡಿಮೆ.

ಕೂತು ಲೆಕ್ಕ ಹಾಕಿದೆವು. ಆಪ್ತಸಲಹೆಗೆ ಬಂದವರ ಜೊತೆ ಪೆಟ್ರೋಲ್ ಲೆಕ್ಕ ಹಾಕೋದಾ ಅಂತ ನನ್ನ ಜೊತೆ ಕೆಲಸ ಮಾಡುವವರು ನಗುತ್ತಾರೆ, ಆದರೆ ಅಂಕಿ ಹಿಡಿದು ಬಂದವರ ಕೈಯಿಂದ ಅಂಕಿ ಬಿಡಿಸದೆ ಬೇರೆ ಮಾತು ಹೊರಡೋದಿಲ್ಲ. ತಿಂಗಳಿಗೆ 1,600 ಕಿಲೋಮೀಟರ್, ಪೆಟ್ರೋಲ್ 103 ರೂಪಾಯಿ ಅಂತ ಹಿಡಿದರೆ ಬೈಕಿಗೆ ಸುಮಾರು 4,700. ಹೈವೇಯಲ್ಲಿ 22 ಕೊಡೋ ಹೈಬ್ರಿಡ್‌ಗೆ 7,500. 16 ಕೊಡೋ ಮಾಮೂಲಿ ಪೆಟ್ರೋಲ್ ಕಾರಿಗೆ 10,300. ಅದೇ ಕಾರಿನ ಪೆಟ್ರೋಲ್ ಮಾದರಿಗಿಂತ ಹೈಬ್ರಿಡ್‌ಗೆ 3.5 ಲಕ್ಷ ಜಾಸ್ತಿ ಅಂತ ಕೊಟೇಶನ್ನೇ ಹೇಳುತ್ತಿತ್ತು. ತಿಂಗಳಿಗೆ 2,800 ಉಳಿದರೂ ಆ ದುಡ್ಡು ವಾಪಸ್ ಬರೋಕೆ ಹತ್ತು ವರ್ಷ ದಾಟುತ್ತೆ. ಮೇಲೆ 14 ಲಕ್ಷ ಸಾಲ, 9 ಪರ್ಸೆಂಟ್, ಏಳು ವರ್ಷ ಅಂದರೆ ಕಂತೇ 22,500.

ಮಂಜುನಾಥ ಗೆದ್ದವರ ಹಾಗೆ ಕುರ್ಚಿಗೆ ಒರಗಿದರು. ಶಾರದಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೈಕಿನ ಲೆಗ್ ಗಾರ್ಡ್ ಯಾಕೆ ಬೆಂಡಾಗಿದೆ ಅಂತ ಕೇಳ್ರಿ ಮೇಡಂ" ಅಂದರು.

ಯುಗಾದಿಗೆ ಮುಂಚೆ ಒಂದು ರಾತ್ರಿ, ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ, ಅದಿರು ಲಾರಿ ಹಿಂದೆ ಬ್ರೇಕ್ ಹೊಡೆದು ಬೈಕ್ ಜಾರಿತ್ತಂತೆ. ಮೊಣಕೈ ತರಚಿತ್ತು. ಮನೆಯಲ್ಲಿ ಹೇಳಿದ್ದು, ಮೆಟ್ಟಿಲ ಮೇಲೆ ಕಾಲು ತಪ್ಪಿತು ಅಂತ. ಮಾರನೇ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವಾಗ ಶಾರದಾ ನೋಡಿದ್ದಾರೆ. ಬಗ್ಗಿದ ಲೆಗ್ ಗಾರ್ಡ್, ಅದರ ಸಂದಿಯಲ್ಲಿ ಕೆಂಪು ಮಣ್ಣು. ಬೆರಳಿಂದ ಕೆರೆದು ತೆಗೆದು, ಒಂದು ಮಾತೂ ಆಡದೆ ಒಳಗೆ ಹೋಗಿದ್ದಾರೆ. ಆ ವಾರವೇ ಶೋರೂಮ್‌ಗೆ ಹೋಗಿದ್ದು. ಹೆದರಿಕೆ ಆಗುತ್ತೆ ಅನ್ನೋಕೆ ಆಗದೆ ಮೈಲೇಜ್ ಹಿಡಿದುಕೊಂಡಿದ್ದರು.

ಮಂಜುನಾಥ ಅವರದ್ದೂ ಮೈಲೇಜ್ ಅಲ್ಲ. ಒಬ್ಬರನ್ನೇ ಕೂರಿಸಿ ಕೇಳಿದಾಗ ಭಾನುವಾರದ ವಿಷಯ ಬಂತು. ಬೆಳಿಗ್ಗೆ ಐದೂವರೆಗೆ ಹೊರಟು ಸಂಡೂರು, ನಾರಿಹಳ್ಳ ಡ್ಯಾಂ ಹತ್ತಿರ ಟೀ, ಹತ್ತು ಗಂಟೆಗೆ ಮನೆ. "ಕಾರು ಬಂದರೆ ಬೈಕ್ ಮಾರಿಸ್ತಾಳೆ ಮೇಡಂ. ಹೈಬ್ರಿಡ್ ಟೆಸ್ಟ್ ಡ್ರೈವ್ ಮಾಡಿದೆ. ಸದ್ದೇ ಇಲ್ಲ, ಜೋರಾಗಿ ಒತ್ತಿದರೆ ಎಂಜಿನ್ ಅರಚುತ್ತೆ, ಗೇರ್ ಅನ್ನೋದೇ ಇಲ್ಲ. ಲಿಫ್ಟ್‌ನಲ್ಲಿ ಕೂತ ಹಾಗೆ." ನನಗೆ ನಗು ಬಂತು. ಹವ್ಯಾಸ ಇರುವವರಿಗೆ ಅದು ಸಣ್ಣ ವಿಷಯ ಅಲ್ಲ.

ಇದನ್ನು ಶಾರದಾ ಮುಂದೆ ಹೇಳಿಸಿದೆ. ಅವರಿಗೆ ಸಿಟ್ಟು ಬಂತು. "ಮಾರಿ ಅಂತ ನಾನು ಯಾವತ್ತು ಹೇಳಿದ್ದೀನ್ರಿ? ನಿಮಗೊಂದು ಭಾನುವಾರ ಇದೆ. ನನಗೆ ಯಾವ ವಾರ?"

ಅವತ್ತಿನ ಸೆಷನ್‌ನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಈ ಒಂದು ಪ್ರಶ್ನೆ. ಸಲಹೆಯೆಲ್ಲ ಅದರ ಸುತ್ತಲೇ ಕೊಟ್ಟೆ. ಶಿಫ್ಟ್‌ಗೆ ಫ್ಯಾಕ್ಟರಿ ಬಸ್. ರಾತ್ರಿ ಹೈವೇಗೆ ಬೈಕ್ ಬೇಡವೇ ಬೇಡ, ಇದರಲ್ಲಿ ನಾನು ಚೌಕಾಸಿ ಮಾಡಲಿಲ್ಲ. ಬಿದ್ದರೆ ಬಿದ್ದೆ ಅಂತಲೇ ಹೇಳಬೇಕು. ಸಂಡೂರು ಸವಾರಿ ತಿಂಗಳಿಗೆ ಎರಡು ಭಾನುವಾರ, ಉಳಿದ ಭಾನುವಾರ ಬೆಳಿಗ್ಗೆ ಹತ್ತರವರೆಗೆ ಅಡುಗೆ, ಮಕ್ಕಳು, ಅಮ್ಮ ಎಲ್ಲಾ ಗಂಡನದ್ದು, ಶಾರದಾ ಎಲ್ಲಿಗೆ ಹೋದರು ಅಂತ ಕೇಳೋ ಹಾಗಿಲ್ಲ.

ಬಸ್ಸಿಗೆ ಹೋದ ಮೇಲೆ ಕಾರು ಓಡೋದು ತಿಂಗಳಿಗೆ 400 ಕಿಲೋಮೀಟರ್, ಆಸ್ಪತ್ರೆ, ಶಾಲೆ, ಮದುವೆ ಅಷ್ಟೇ. ಹೈಬ್ರಿಡ್ ಊರೊಳಗೆ 24 ಕೊಟ್ಟರೂ ತಿಂಗಳಿಗೆ ಉಳಿಯೋದು 860 ರೂಪಾಯಿ. ಆ 3.5 ಲಕ್ಷ ವಾಪಸ್ ಬರೋಕೆ ಸುಮಾರು ಮೂವತ್ನಾಲ್ಕು ವರ್ಷ ಬೇಕು. ಒಳ್ಳೆಯ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಸಾಕು, ಮೊದಲು ಶಾರದಾ ಡ್ರೈವಿಂಗ್ ಕಲಿಯಲಿ ಅಂದೆ. ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ಗಂಡನ ಶಿಫ್ಟ್ ನೋಡೋದು ತಪ್ಪುತ್ತೆ.

ಆರು ವಾರ ಆದ ಮೇಲೆ ಬಂದಿದ್ದರು. ಮಂಜುನಾಥ ಎರಡು ಸಲ ಬಸ್ ತಪ್ಪಿಸಿಕೊಂಡು ಬೈಕಲ್ಲೇ ಹೋಗಿದ್ದಾರೆ, ಆದರೆ ಹೇಳಿ ಹೋಗಿದ್ದಾರೆ. ಶಾರದಾ ಎಲ್‌ಎಲ್ (ಡ್ರೈವಿಂಗ್ ಕಲಿಯೋ ಲೈಸೆನ್ಸ್) ಮಾಡಿಸಿದ್ದಾರೆ. ಕಾರು ಇನ್ನೂ ತಗೊಂಡಿಲ್ಲ. ಭಾನುವಾರ ಏನು ಮಾಡಿದಿರಿ ಅಂತ ಶಾರದಾ ಅವರನ್ನು ಕೇಳಿದೆ. "ಮೊದಲ ವಾರ ತಂಗಿ ಮನೆಗೆ ಹೋಗಿ ಮಲಗಿಬಿಟ್ಟೆ ಮೇಡಂ" ಅಂದರು.

ಆ ಹೈಬ್ರಿಡ್ ಕೊಟೇಶನ್ ಇನ್ನೂ ನನ್ನ ಡ್ರಾಯರ್‌ನಲ್ಲೇ ಇದೆ. ಇಬ್ಬರೂ ಕೇಳಲಿಲ್ಲ.